ಕ್ರಿಸ್‌ಮಸ್ ಕಾಲುಚೀಲ: ಆಕಾರ ಪಾದದ್ದು, ಹೊಲಿಗೆ ಚೀಲದ್ದು

ಪ್ರಶ್ನೆ: ನಾವು ಮಂಗಳೂರಿನವರು, ಮನೆಯಲ್ಲಿ ಮೂವರು ಮಕ್ಕಳು. ಕಳೆದ ವರ್ಷ ಕ್ರಿಸ್‌ಮಸ್‌ಗೆಂದು ಕೆಂಪು ವೆಲ್ವೆಟ್ ತಂದು ಮೂರು ಕಾಲುಚೀಲ ಹೊಲಿದೆ. ಪಾದ ಬಾಗುವ ಕಡೆ ಬಟ್ಟೆ ಮುದುರಿಕೊಂಡಿತು. ಉಡುಗೊರೆ ಹೊರಗೆಳೆದರೆ ಲೈನಿಂಗ್ ಕೂಡ ಜೊತೆಗೇ ಈಚೆ ಬಂತು. ಒಂದರ ಕುಣಿಕೆ ರಾತ್ರಿಯೇ ಕಿತ್ತುಹೋಗಿ ಒಳಗಿದ್ದದ್ದೆಲ್ಲ ನೆಲದ ಮೇಲೆ ಚೆಲ್ಲಿತ್ತು. ನನ್ನಲ್ಲಿರುವುದು ನೇರ ಹೊಲಿಗೆ ಮಾತ್ರ ಹಾಕುವ, ಕಾಲಿನಿಂದ ತುಳಿಯುವ ಹಳೆಯ ಯಂತ್ರ. ಹಲವು ವರ್ಷ ಬಾಳುವಂಥ ಕಾಲುಚೀಲವನ್ನು ಸರಳವಾಗಿ ಹೊಲಿಯುವುದು ಹೇಗೆ? ಅಮ್ಮನ ಹಳೆಯ ಸೀರೆಗಳಿವೆ, ಬಳಸಬಹುದೇ? ಮಕ್ಕಳ ಹೆಸರನ್ನು ಕಸೂತಿ ಮಾಡುವುದು ಯಾವ ಹಂತದಲ್ಲಿ?

ಉತ್ತರ: ನಿಮ್ಮ ಯಂತ್ರದಲ್ಲಿ ಯಾವ ಕೊರತೆಯೂ ಇಲ್ಲ. ಈ ಕೆಲಸಕ್ಕೆ ನೇರ ಹೊಲಿಗೆ ಸಾಕು. ಜಿಗ್‌ಜಾಗ್ ಬೇಡ, ಓವರ್‌ಲಾಕ್ ಬೇಡ. ನೀವು ಹೇಳಿದ ಮೂರೂ ತೊಂದರೆಗಳು ಹುಟ್ಟಿದ್ದು ಒಂದೇ ಕಡೆಯಿಂದ. ಇದನ್ನು ಕಾಲಿಗೆ ಹಾಕುವ ವಸ್ತುವಿನಂತೆ ಮೆತ್ತನೆಯ ಬಟ್ಟೆಯಲ್ಲಿ, ಹಗುರವಾದ ಹೊಲಿಗೆಯಲ್ಲಿ ಮಾಡಿದ್ದೀರಿ. ಒಂದೇ ಕುಣಿಕೆಯಿಂದ ನೇತಾಡುತ್ತಾ ಇಡೀ ರಾತ್ರಿ ಒಂದು ಕೆ.ಜಿ.ಯಷ್ಟು ಭಾರ ಹೊರಬೇಕಾದ ಚೀಲ ಇದು. ಪಾದದ ಆಕಾರ ಅದಕ್ಕೆ ಕೊಡುವ ಅಲಂಕಾರ. ಸಂತೆಚೀಲ ಹೊಲಿಯುವಾಗ ಏನೇನು ಯೋಚಿಸುತ್ತೀರೋ ಅದನ್ನೇ ಇಲ್ಲಿಯೂ ಯೋಚಿಸಿ: ಎಳೆ ಯಾವ ಕಡೆ ಹೋಗಿದೆ, ಭಾರ ಎಲ್ಲಿ ಬೀಳುತ್ತದೆ, ಹಿಡಿ ಯಾವುದಕ್ಕೆ ಕಚ್ಚಿಕೊಂಡಿದೆ.

ಮೊದಲು ಎಷ್ಟು ಅಗಲ ಬೇಕೆಂಬ ಮಾತು. ಈ ಪದ್ಧತಿ ಬಂದ ದಾರಿಯಲ್ಲೇ ಅದಕ್ಕೆ ಉತ್ತರವಿದೆ. ಇಂದಿನ ಟರ್ಕಿಯಲ್ಲಿರುವ ಮೈರಾ ಪಟ್ಟಣದಲ್ಲಿ 4ನೇ ಶತಮಾನದಲ್ಲಿ ಬಿಷಪ್ ಆಗಿದ್ದ ಸಂತ ನಿಕೊಲಾಸ್, ಮದುವೆ ಮಾಡಲು ಗತಿಯಿಲ್ಲದ ತಂದೆಯೊಬ್ಬನ ಮೂವರು ಹೆಣ್ಣುಮಕ್ಕಳಿಗಾಗಿ ರಾತ್ರಿ ಗುಟ್ಟಾಗಿ ಬಂಗಾರ ಎಸೆದು ಹೋದನೆಂದೂ, ಅದು ಒಲೆಯ ಬಳಿ ಒಣಗಲು ಹಾಕಿದ್ದ ಕಾಲುಚೀಲದೊಳಗೆ ಬಿತ್ತೆಂದೂ ಕತೆಯಿದೆ. ಕಾಲುಚೀಲದ ತುದಿಯಲ್ಲಿ ಕಿತ್ತಳೆ ಇಡುವ ರೂಢಿಯನ್ನು ಆ ಬಂಗಾರದ ನೆನಪೆಂದು ಹೇಳುವವರಿದ್ದಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದ ಪತ್ರಿಕೆಯೊಂದರಲ್ಲಿ 1823ರ ಡಿಸೆಂಬರ್ 23ರಂದು ಅಚ್ಚಾದ ಒಂದು ಪದ್ಯದಲ್ಲಿ, ಚಿಮಣಿಯ ಪಕ್ಕ ಕಾಲುಚೀಲಗಳನ್ನು ನೇತುಹಾಕಿರುವ ಮಾತು ಆಗಲೇ ಬರುತ್ತದೆ. ಅಂದು ನೇತುಹಾಕುತ್ತಿದ್ದದ್ದು ಮನೆಮಂದಿ ತೊಡುತ್ತಿದ್ದ ಕಾಲುಚೀಲಗಳನ್ನೇ. ಹೆಣೆದ ಉಣ್ಣೆ ಕಿತ್ತಳೆ ತುರುಕಿದರೂ ಹಿಗ್ಗಿಕೊಂಡು ಜಾಗ ಕೊಡುತ್ತದೆ. ನಾವು ಹೊಲಿಯುವ ನೇಯ್ದ ಬಟ್ಟೆ ಹಿಗ್ಗುವುದಿಲ್ಲ. ಆದ್ದರಿಂದ ಚಿತ್ರಗಳಲ್ಲಿ ಕಾಣುವ ತೆಳ್ಳನೆಯ ಚೆಂದದ ಪಾದವನ್ನು ನಕಲು ಮಾಡಬೇಡಿ. ಹಾಗೆ ಮಾಡಿದರೆ ಕಿತ್ತಳೆ ಹರಡಿನ ಬಳಿಯೇ, ಅಂದರೆ ಪಾದ ಬಾಗುವ ಕಡೆಯೇ, ಸಿಕ್ಕಿಕೊಳ್ಳುತ್ತದೆ, ಮಗುವಿನ ಕೈ ತುದಿ ಮುಟ್ಟುವುದಿಲ್ಲ. ಎಳೆದಾಡಿದಾಗ ಲೈನಿಂಗ್ ಹೊರಗೆ ಬರುವುದಕ್ಕೆ ಅರ್ಧ ಕಾರಣ ಇದೇ.

ಬ್ರೌನ್ ಪೇಪರಿನ ಮೇಲೆ 18 ಇಂಚು ಉದ್ದ, 13 ಇಂಚು ಅಗಲದ ಚೌಕಟ್ಟು ಹಾಕಿಕೊಳ್ಳಿ. ಮೇಲಿನ ಎಡಮೂಲೆಯಿಂದ ಬಲಕ್ಕೆ 8 ಇಂಚು ಗುರುತು ಮಾಡಿ, ಅದು ಬಾಯಿ. ಎಡಗೆರೆ ನೇರವಾಗಿ ಕೆಳಗಿಳಿಯಲಿ. ಕೊನೆಯ 3 ಇಂಚಿನಲ್ಲಿ ಮೂಲೆಯನ್ನು ತಟ್ಟೆಯೊಂದರ ಅಂಚಿಟ್ಟು ದುಂಡಗೆ ಮಾಡಿ, ಹಿಮ್ಮಡಿಯಾಯಿತು. ಕೆಳಗಿನ ಬಲಮೂಲೆಯಲ್ಲಿ ಆರೂವರೆ ಇಂಚು ಅಡ್ಡಳತೆಯ ಬಟ್ಟಲನ್ನು, ಕೆಳಗೆರೆಗೂ ಬಲಗೆರೆಗೂ ತಾಗುವಂತೆ ಬೋರಲು ಹಾಕಿ ಹೊರಸುತ್ತು ಎಳೆಯಿರಿ, ಅದು ಪಾದದ ತುದಿ. ಇನ್ನು ಬಾಯಿಯ ಬಲಗುರುತಿನಿಂದ 9 ಇಂಚು ನೇರ ಕೆಳಗೆ ಬಂದು, ಅಲ್ಲಿಂದ ನಿಧಾನವಾಗಿ ಬಾಗಿಸಿ ಬಟ್ಟಲಿನ ಸುತ್ತಿಗೆ ಕೂಡಿಸಿ. ಈ ಬಾಗು ಎಷ್ಟು ಸಾವಧಾನವಾಗಿರುತ್ತದೋ ನಿಮ್ಮ ಕೆಲಸ ಅಷ್ಟು ಸಲೀಸು. ಕೈ ತಾನಾಗಿ ಇಲ್ಲಿ ಒಂದು ಚೂಪು ಮೂಲೆ ಹಾಕಲು ಹೋಗುತ್ತದೆ, ತಡೆಯಿರಿ. ಹೊಲಿಗೆಗೆ ಬಿಡಬೇಕಾದ ಅರ್ಧ ಇಂಚಿನ ಮಾರ್ಜಿನ್ ಈ ಅಳತೆಯಲ್ಲೇ ಸೇರಿದೆ. ಹೊಲಿದ ಮೇಲೆ ಪಾದ ಐದೂವರೆ ಇಂಚು ಎತ್ತರ ಉಳಿಯುತ್ತದೆ, ಅಂದರೆ ಸುತ್ತಳತೆ 11 ಇಂಚು. ದೊಡ್ಡ ಕಿತ್ತಳೆಯೂ ಇದರೊಳಗೆ ಉರುಳಿಕೊಂಡು ಹೋಗುತ್ತದೆ.

ಬಟ್ಟೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಮೊದಲ ಸಲಕ್ಕೆ ವೆಲ್ವೆಟ್ ಬೇಡ. ಅದರ ಜುಂಗು ಒಂದಕ್ಕೊಂದು ಎದುರುಬದುರಾದಾಗ ಮೇಲಿನ ಪದರ ಕೆಳಗಿನದರ ಮೇಲೆ ತೆವಳುತ್ತದೆ. ಎಷ್ಟು ಗುಂಡುಸೂಜಿ ಚುಚ್ಚಿದರೂ ಹೊಲಿಗೆ ಮುಗಿಯುವಾಗ ಒಂದು ಕಡೆ ಅರ್ಧ ಇಂಚು ಹೆಚ್ಚಾಗಿ ಉಳಿದಿರುತ್ತದೆ. ಅದನ್ನು ಎಳೆದು ಸರಿಮಾಡಿದಲ್ಲೇ ಪಾದ ತಿರುಚಿಕೊಳ್ಳುತ್ತದೆ. ಸ್ಯಾಟಿನ್ ಜಾರುತ್ತದೆ, ಜೊತೆಗೆ ಎಳೆ ಬಿಡುತ್ತದೆ. ಅಂಗಡಿಗಳಲ್ಲಿ ಹಾಳೆಯಾಗಿ ಸಿಗುವ ಫೆಲ್ಟ್ ಮಕ್ಕಳ ಕೈಗೆಲಸಕ್ಕೆ, ಮರಕ್ಕೆ ತೂಗುವ ಪುಟ್ಟ ಕಾಲುಚೀಲಗಳಿಗೆ ಒಳ್ಳೆಯದು. ಭಾರ ಬಿದ್ದರೆ ಅದು ಜೋಲುತ್ತದೆ. ನಿಮಗೆ ಬೇಕಾದದ್ದು ಪರದೆಗೆ ಬಳಸುವ ಕೇಸ್‌ಮೆಂಟ್, ಡ್ರಿಲ್, ಕಾರ್ಡುರಾಯ್ ಅಥವಾ ದಪ್ಪ ಕೈಮಗ್ಗದ ಹತ್ತಿಬಟ್ಟೆ. 44 ಇಂಚು ಪನ್ನದ ಬಟ್ಟೆ ಅರ್ಧ ಮೀಟರ್ ತಂದರೆ ಒಂದು ಕಾಲುಚೀಲದ ಹೊರಬಟ್ಟೆಗೆ ಸಾಕು. ಮಡಿಸಿ ಕತ್ತರಿಸಿದ ಮೇಲೆ ಅಂಚಿನ ಕಡೆ ಉಳಿಯುವ ಎರಡು ಪಟ್ಟಿಗಳಲ್ಲಿ ಬಾಯಿಪಟ್ಟಿಯೂ (ಬಾಯಿಯ ಸುತ್ತ ಹೊರಕ್ಕೆ ಮಗುಚುವ ಪಟ್ಟಿ) ಕುಣಿಕೆಯೂ ಆಗುತ್ತವೆ. ಲೈನಿಂಗ್‌ಗೆ ಇನ್ನೊಂದು ಅರ್ಧ ಮೀಟರ್ ತೆಳು ಹತ್ತಿಬಟ್ಟೆ ಬೇಕು. ನಿಮ್ಮ ಊರಲ್ಲಿ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು, ಇಲ್ಲದೆ ಕ್ರಿಸ್‌ಮಸ್ ಆಗುವುದಿಲ್ಲ. ನೆವ್ರಿ, ಚಕ್ಕುಲಿಗಳನ್ನು ಎಷ್ಟು ಕಾಗದದಲ್ಲಿ ಸುತ್ತಿದರೂ ಎಣ್ಣೆ ಒಸರುತ್ತದೆ. ಹತ್ತಿಯಾದರೆ ಸೋಪಿನಲ್ಲಿ ಉಜ್ಜಿ ತೊಳೆಯಬಹುದು.

ಕೆಂಪು ಬಟ್ಟೆಯನ್ನು ಕತ್ತರಿಸುವ ಮೊದಲು ತೊಳೆಯಲೇಬೇಕು. ಹತ್ತಿ ಮೊದಲ ನೀರಿಗೆ ಕುಗ್ಗುತ್ತದೆ ಎಂಬುದೊಂದು ಕಾರಣ. ಬಾಯಿಪಟ್ಟಿಯನ್ನು ಬೇರೆ ಬಿಳಿ ಬಟ್ಟೆಯಲ್ಲಿ ಮಾಡುವುದಾದರೆ, ಕೆಂಪು ಬಣ್ಣ ಅದಕ್ಕೆ ಇಳಿದರೆ ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ ಎಂಬುದು ಇನ್ನೊಂದು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿಂಡಿ, ಬಿಳಿ ಚಿಂದಿಯೊಂದನ್ನು ಒದ್ದೆ ಬಟ್ಟೆಯ ಮೇಲೆ ಒತ್ತಿ ನೋಡಿ. ಚಿಂದಿ ಗುಲಾಬಿಯಾದರೆ ಮತ್ತೆ ತೊಳೆಯಿರಿ. ಮೂರು ನಾಲ್ಕು ನೀರಿಗೂ ಬಣ್ಣ ಬಿಡುತ್ತಿದ್ದರೆ ಆ ಬಟ್ಟೆಗೆ ಬಿಳಿ ಪಟ್ಟಿ ಹಾಕಬೇಡಿ, ಹಸಿರೋ ಕಂದೋ ಹಾಕಿ.

ಕತ್ತರಿಸುವಾಗ ಬಟ್ಟೆಯನ್ನು ಹೊರಮೈ ಒಳಗಾಗುವಂತೆ ಮಡಿಸಿ, ಎರಡು ತುಂಡನ್ನೂ ಒಟ್ಟಿಗೆ ಕತ್ತರಿಸಿ. ಒಂದೊಂದಾಗಿ ಕತ್ತರಿಸಿದರೆ ಎರಡಕ್ಕೂ ಪಾದ ಒಂದೇ ಕಡೆ ತಿರುಗಿ, ಜೋಡಿಸುವಾಗ ಒಂದರ ಒಳಮೈ ಹೊರಗೆ ಬರುತ್ತದೆ. ಹಾಸಿನ ಎಳೆ, ಅಂದರೆ ಬಟ್ಟೆಯ ಅಂಚಿಗೆ ಸಮವಾಗಿ ಹೋಗುವ ಎಳೆ, ಬಾಯಿಯಿಂದ ಹಿಮ್ಮಡಿಯತ್ತ ಇಳಿಯಬೇಕು. ಭಾರ ಹೊರುವುದು ಅದೇ. ಬಟ್ಟೆ ಉಳಿಸಲು ಓರೆಯಾಗಿ ಕತ್ತರಿಸಿದರೆ ತುಂಬಿಸಿ ತೂಗುಹಾಕಿದ ಕೂಡಲೇ ಕಾಲುಚೀಲ ಉದ್ದಕ್ಕೆ ಜಗ್ಗುತ್ತದೆ.

ಈಗ ಹಳೆಯ ಸೀರೆಗಳು. ಖಂಡಿತ ಬಳಸಿ, ಆದರೆ ಹತ್ತಿಗೂ ರೇಷ್ಮೆಗೂ ಬೇರೆ ಬೇರೆ ದಾರಿ. ಹಳೆಯ ರೇಷ್ಮೆ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಮಡಿಕೆಯ ಗೆರೆಯಲ್ಲಿ ಸೀಳಿರುತ್ತದೆ. ಅದನ್ನು ಬಾಯಿಪಟ್ಟಿಗೆ ಮಾತ್ರ, ಒಳಗೆ ಇಸ್ತ್ರಿಗೆ ಅಂಟುವ ಕ್ಯಾನ್ವಾಸ್ ಕೊಟ್ಟು ಬಳಸಿ. ಹತ್ತಿ ಸೀರೆ ಒಂಟಿ ಪದರವಾಗಿ ಭಾರ ತಾಳುವುದಿಲ್ಲ. ಅದಕ್ಕೆ ನಮ್ಮಲ್ಲಿ ಕೌದಿ ಇದೆ. ಉತ್ತರ ಕರ್ನಾಟಕದ ಮನೆಗಳಲ್ಲಿ, ಯಲ್ಲಾಪುರ ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕೈಯಲ್ಲಿ ಸವೆದ ಸೀರೆಗಳೇ ಪದರ ಪದರವಾಗಿ ಕೂಡಿ ತಲೆಮಾರು ಹೊದೆಯುವ ಹೊದಿಕೆಯಾಗುತ್ತವೆ. ಸಿದ್ದಿ ಸಮುದಾಯದಲ್ಲಿ ಕ್ರೈಸ್ತ ಕುಟುಂಬಗಳೂ ಬಹಳ. ಅವರ ಹೊಲಿಗೆ ಕ್ರಿಸ್‌ಮಸ್‌ನ ವಸ್ತುವಿಗೆ ಬರುವುದು ನನಗೆ ತೀರಾ ಸಹಜವೆನಿಸುತ್ತದೆ, ಪೇಟೆಯ ಪಾಲಿಯೆಸ್ಟರ್ ಕೆಂಪಿಗಿಂತ ಸಾವಿರ ಪಾಲು ಸುಂದರವೂ ಹೌದು. ಸೀರೆಯ ತುಂಡು ಮೇಲೆ, ಹಳೆಯ ಬೆಡ್‌ಶೀಟ್ ನಡುವೆ, ಇನ್ನೊಂದು ಸೀರೆಯ ತುಂಡು ಕೆಳಗೆ, ಹೀಗೆ ಮೂರು ಪದರ ಜೋಡಿಸಿ, ಅರ್ಧ ಇಂಚಿಗೊಂದು ಸಾಲಿನಂತೆ ದಪ್ಪ ನೂಲಿನಲ್ಲಿ ಕೈಯಿಂದ ರನ್ನಿಂಗ್ ಹೊಲಿಗೆ ಹಾಕಿ. ಬ್ರೌನ್ ಪೇಪರಿಗಿಂತ ಸುತ್ತಲೂ 2 ಇಂಚು ಹೆಚ್ಚಿರುವ ತುಂಡುಗಳನ್ನೇ ಆರಿಸಿಕೊಳ್ಳಿ. ಏಕೆಂದರೆ ಸಾಲು ಬಿದ್ದಂತೆಲ್ಲ ಬಟ್ಟೆ ಒಳಗೆ ಎಳೆದುಕೊಳ್ಳುತ್ತದೆ. ಪೂರ್ತಿ ಕೌದಿಯಾದ ಮೇಲೆ ಆಕಾರ ಬರೆದು, ಗೆರೆಯ ಒಳಗೆ ಕಾಲಿಂಚು ಬಿಟ್ಟು ಯಂತ್ರದ ಹೊಲಿಗೆ ಒಂದು ಸುತ್ತು ಹಾಕಿ, ಆನಂತರವೇ ಕತ್ತರಿ ಇಡಿ. ಮೊದಲೇ ಕತ್ತರಿಸಿದರೆ ಕೈಹೊಲಿಗೆಯ ತುದಿಗಳೆಲ್ಲ ಬಿಚ್ಚಿಕೊಳ್ಳುತ್ತವೆ.

ಯಂತ್ರಕ್ಕೆ 16ನೇ ನಂಬರಿನ ಸೂಜಿ, ಪಾಲಿಯೆಸ್ಟರ್ ನೂಲು, ಇಂಚಿಗೆ ಸುಮಾರು 10 ಹೊಲಿಗೆ. ಎರಡು ಹೊರತುಂಡುಗಳ ಹೊರಮೈ ಎದುರುಬದುರಾಗಿ ಇಟ್ಟು, ಬಾಯಿಯನ್ನು ಬಿಟ್ಟು ಸುತ್ತಲೂ ಅರ್ಧ ಇಂಚಿನಲ್ಲಿ ಹೊಲಿಯಿರಿ. ಬಾಗುಗಳಿಗೆ ಬಂದಾಗ ಹೊಲಿಗೆಯನ್ನು ಸಣ್ಣದು ಮಾಡಿ, ಪೆಡಲ್ ನಿಧಾನವಾಗಿ ತುಳಿಯಿರಿ. ಹರಡಿನ ಒಳಬಾಗಿನಲ್ಲಿ ಮೊದಲ ಹೊಲಿಗೆಯ ಮೇಲೆಯೇ 3 ಇಂಚು ಉದ್ದಕ್ಕೆ ಇನ್ನೊಂದು ಸಾಲು ಹಾಕಿ.

ನಿಮ್ಮ ಕಾಲುಚೀಲ ಮುದುರಿದ ಜಾಗ ಇದೇ ಹರಡು. ಕೈಯಲ್ಲಿ ಹಿಡಿದು ಗಮನಿಸಿ: ಈ ಬಾಗಿನಲ್ಲಿ ಮಾರ್ಜಿನ್‌ನ ಕತ್ತರಿಸಿದ ಅಂಚು ಹೊಲಿಗೆಯ ಗೆರೆಗಿಂತ ಗಿಡ್ಡ. ಒಳಗನ್ನು ಹೊರಗೆ ತಿರುಗಿಸಿದಾಗ ಆ ಗಿಡ್ಡ ಅಂಚು ಹೆಚ್ಚು ದೂರಕ್ಕೆ ಹರಡಿಕೊಳ್ಳಬೇಕು. ಅದಕ್ಕೆ ಸಾಧ್ಯವಾಗುವುದಿಲ್ಲ, ಬಟ್ಟೆಯನ್ನು ಎಳೆದು ಹಿಡಿಯುತ್ತದೆ, ಹೊರಗೆ ಸುಕ್ಕು ಬೀಳುತ್ತದೆ. ರವಿಕೆಯ ಕಂಕುಳಿಗೆ ಕಚ್ಚು ಕೊಡುತ್ತೇವಲ್ಲ, ಹಾಗೆಯೇ ಇಲ್ಲಿಯೂ ಕತ್ತರಿಯ ತುದಿಯಿಂದ ಅರ್ಧರ್ಧ ಇಂಚಿಗೆ ನೇರ ಕಚ್ಚು ಕೊಡಬೇಕು. ಕಚ್ಚು ಹೊಲಿಗೆಗೆ ಒಂದು ನೂಲಿನಷ್ಟು (ಇಂಚಿನ ಎಂಟನೇ ಒಂದು ಭಾಗ) ದೂರದವರೆಗೆ ಹೋಗಬೇಕು. ಹೆದರಿ ಅರ್ಧಕ್ಕೇ ನಿಲ್ಲಿಸಿದರೆ ಕೊಟ್ಟೂ ಪ್ರಯೋಜನವಿಲ್ಲ. ಹೊಲಿಗೆಯೇ ತುಂಡಾದೀತೆಂಬ ಭಯಕ್ಕಾಗಿಯೇ ಎರಡನೇ ಸಾಲು ಹಾಕಿಸಿದ್ದು. ಹಿಮ್ಮಡಿ ಮತ್ತು ತುದಿಯಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಅಂಚು ಹೊಲಿಗೆಗಿಂತ ಉದ್ದ, ತಿರುಗಿಸಿದಾಗ ಹೆಚ್ಚಾದ ಬಟ್ಟೆ ಒಳಗೆ ಗುಪ್ಪೆಯಾಗುತ್ತದೆ. ಆದ್ದರಿಂದ ಅಲ್ಲಿ ಮಾರ್ಜಿನ್ ಅನ್ನು ಕಾಲಿಂಚಿಗೆ ಇಳಿಸಿ, ನಡುನಡುವೆ ಸಣ್ಣ ತ್ರಿಕೋನಗಳನ್ನು ಕತ್ತರಿಸಿ ತೆಗೆಯಿರಿ. ಇಷ್ಟಾದ ಮೇಲೆ ಮಾರ್ಜಿನ್ ಬಿಡಿಸಿ ಇಸ್ತ್ರಿ ಮಾಡಿ, ತಿರುಗಿಸಿ, ಪೆನ್ಸಿಲ್‌ನ ಮೊಂಡು ಕಡೆಯಿಂದ ಒಳಗಿನಿಂದ ಬಾಗುಗಳನ್ನು ನೇವರಿಸಿ, ಮತ್ತೊಮ್ಮೆ ಇಸ್ತ್ರಿ ಹಾಯಿಸಿ. ಕೌದಿ ಮಾಡಿದ ಬಟ್ಟೆಯಾದರೆ ಮಾರ್ಜಿನ್‌ನೊಳಗಿನ ನಡುಪದರವನ್ನು ಹೊಲಿಗೆಯವರೆಗೆ ಕತ್ತರಿಸಿ ತೆಗೆಯುವುದು ವಾಸಿ, ಇಲ್ಲವಾದರೆ ಹರಡು ಗಡುಸಾಗುತ್ತದೆ.

ಲೈನಿಂಗ್ ಅನ್ನು ಹಾಗೆಯೇ ಹೊಲಿಯಿರಿ, ಆದರೆ ಸ್ವಲ್ಪ ಕಿರಿದಾಗಿ. ಬಾಯಿಂದ 2 ಇಂಚಿನವರೆಗೆ ಮಾರ್ಜಿನ್ ಅರ್ಧ ಇಂಚೇ ಇರಲಿ. ಅಲ್ಲಿಂದ ಕೆಳಗೆ ಒಂದು ನೂಲು ಒಳಗೆ ಸರಿದು, ಅಂದರೆ ಅರ್ಧ ಇಂಚಿನ ಮೇಲೆ ಇಂಚಿನ ಎಂಟನೇ ಒಂದು ಭಾಗ ಹೆಚ್ಚಿಗೆ ಬಿಟ್ಟು ಹೊಲಿಯಿರಿ. ಒಳಗಿನದು ಹೊರಗಿನದರಷ್ಟೇ ದೊಡ್ಡದಿದ್ದರೆ ಸಡಿಲವಾಗಿ ಸುಕ್ಕುಗಟ್ಟಿ, ಕೈಗೆ ಸಿಕ್ಕಿ ಹೊರಬರುತ್ತದೆ. ಲೈನಿಂಗ್ ಅನ್ನು ತಿರುಗಿಸದೆ, ಒಳಮೈ ಹೊರಗಿರುವಂತೆಯೇ ಹೊರಬಟ್ಟೆಯೊಳಗೆ ಇಳಿಸಿ. ಈಗ ಎರಡರ ಮಾರ್ಜಿನ್‌ಗಳೂ ಪದರಗಳ ನಡುವೆ ಅಡಗಿದವು, ಓವರ್‌ಲಾಕ್ ಬೇಡವೆಂದದ್ದು ಇದಕ್ಕೇ. ತುದಿಯಲ್ಲಿ ಮತ್ತು ಹಿಮ್ಮಡಿಯಲ್ಲಿ ಹೊರಬಟ್ಟೆಯ ಹೊಲಿಗೆಯ ಗೆರೆಯೊಳಗೇ ಕೈಸೂಜಿ ಇಳಿಸಿ, ಲೈನಿಂಗ್‌ನ ಮಾರ್ಜಿನ್ ಹಿಡಿದು ಮೂರು ನಾಲ್ಕು ಸಣ್ಣ ಹೊಲಿಗೆ ಹಾಕಿ ಗಂಟು ಬಿಗಿಯಿರಿ. ಹೊರಗಿನಿಂದ ಕಾಣುವುದಿಲ್ಲ, ಮಕ್ಕಳು ಎಷ್ಟು ಎಳೆದರೂ ಲೈನಿಂಗ್ ಕದಲುವುದಿಲ್ಲ.

ಬಾಯಿಪಟ್ಟಿಗೆ 15 ಇಂಚು ಕಾಲು ಉದ್ದ, 8 ಇಂಚು ಅಗಲದ ಪಟ್ಟಿ ಬೇಕು. ಉದ್ದದ ಎರಡು ತುದಿ ಕೂಡಿಸಿ ಅರ್ಧ ಇಂಚಿನಲ್ಲಿ ಹೊಲಿದರೆ ಬಳೆಯಾಗುತ್ತದೆ. ಅದನ್ನು ಹೊರಮೈ ಎರಡೂ ಕಡೆ ಕಾಣುವಂತೆ 4 ಇಂಚಿಗೆ ಮಡಿಸಿ. ಕಾಲಿಂಚು ಹೆಚ್ಚು ಬಿಟ್ಟದ್ದು ಪಟ್ಟಿ ಹೊರಕ್ಕೆ ಮಗುಚಿದಾಗ ಬಿಗಿಯಾಗದಿರಲೆಂದು. ಕುಣಿಕೆಗೆ 9 ಇಂಚು ಉದ್ದ, 2 ಇಂಚು ಅಗಲದ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಎರಡೂ ಅಂಚಿಗೆ ಹೊಲಿಗೆ ಹಾಕಿ. ಚೀಲದ ಹಿಡಿಗೆ ಬಳಸುವ ಹತ್ತಿಯ ಟೇಪಾದರೂ ಸರಿ, ರಿಬ್ಬನ್ ಮಾತ್ರ ಬೇಡ.

ಹೆಸರಿನ ಕಸೂತಿಯನ್ನು ಮಾತ್ರ ಪಟ್ಟಿಯನ್ನು ಬಳೆ ಮಾಡುವ ಮೊದಲೇ, ಬಟ್ಟೆ ಇನ್ನೂ ಚಪ್ಪಟೆಯಾಗಿರುವಾಗ ಮುಗಿಸಿಕೊಳ್ಳಿ. ಪಟ್ಟಿಯ ಕೂಡುಹೊಲಿಗೆ ಕಾಲುಚೀಲದ ಹಿಂಬದಿಯ ಹೊಲಿಗೆಗೆ ಸರಿಯಾಗಿ ಬರುತ್ತದೆ. ಅಲ್ಲಿಂದ ಮೂರೂವರೆ ಇಂಚು ದೂರದಲ್ಲಿ ಹೆಸರಿನ ನಡುಭಾಗ ಬಂದರೆ ಎದುರಿನಿಂದ ನೋಡಿದಾಗ ಮಧ್ಯದಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಬರೆಯುವುದಾದರೆ ಚೈನ್ ಸ್ಟಿಚ್ ಆರಿಸಿಕೊಳ್ಳಿ. ನಮ್ಮ ದುಂಡು ಅಕ್ಷರಗಳ ಜೊತೆ ಅದು ಎಲ್ಲಿ ಬೇಕಾದರೂ ಬಾಗುತ್ತದೆ. ಒತ್ತಕ್ಷರವಿರುವ ಹೆಸರಾದರೆ ಅಕ್ಷರದ ಕೆಳಗೆ ಅರ್ಧ ಇಂಚಾದರೂ ಜಾಗ ಇರಲಿ. ಪಟ್ಟಿ ಮಡಿಸಿದ ಮೇಲೆ ಹೆಸರು ಮಡಿಕೆಯ ಗೆರೆಗೆ ತಾಗಿದರೆ ಒತ್ತು ಅಂಚಿನಾಚೆ ತಿರುಗಿ ಮರೆಯಾಗುತ್ತದೆ.

ಜೋಡಿಸುವ ಕ್ರಮ ಹೀಗೆ. ಮಡಿಸಿದ ಪಟ್ಟಿಯನ್ನು ಕಾಲುಚೀಲದ ಬಾಯೊಳಗೆ ಇಳಿಸಿ, ಬಿಚ್ಚು ಅಂಚುಗಳೆಲ್ಲ ಮೇಲೆ ಒಂದೇ ಸಮಕ್ಕೆ ಬರಲಿ. ಹೆಸರಿನ ಮುಖ ಲೈನಿಂಗ್ ಕಡೆಗೆ, ಅಕ್ಷರದ ತಲೆ ಬಾಯಿಯ ಕಡೆಗೆ. ಹಿಂಬದಿಯ ಹೊಲಿಗೆಯ ಬಳಿ, ಲೈನಿಂಗ್ ಮತ್ತು ಪಟ್ಟಿಯ ನಡುವೆ, ಕುಣಿಕೆಯ ಬಾಗು ಕೆಳಮುಖವಾಗಿರುವಂತೆ ತೂರಿಸಿ. ಅದರ ಎರಡು ತುದಿಗಳು ಅಂಚಿಗಿಂತ ಒಂದು ಇಂಚು ಮೇಲೆ ಚಾಚಿಕೊಂಡಿರಲಿ. ಯಂತ್ರಕ್ಕೆ ಇಡುವ ಮೊದಲು ಗುಂಡುಸೂಜಿ ಚುಚ್ಚಿ ಪಟ್ಟಿಯನ್ನು ಒಮ್ಮೆ ಮೇಲೆಳೆದು ಹೊರಕ್ಕೆ ಮಗುಚಿ ನೋಡಿ. ಹೆಸರು ನೆಟ್ಟಗೆ, ಹೊರಗೆ ಕಂಡರೆ ಸರಿ. ಮತ್ತೆ ಒಳಗಿಳಿಸಿ, ಕಚ್ಚಾ ಹೊಲಿಗೆ ಹಾಕಿ ಭದ್ರಮಾಡಿ. ನಿಮ್ಮದು ಚಪ್ಪಟೆ ಹಲಗೆಯ ಯಂತ್ರವಾದ್ದರಿಂದ ಕಾಲುಚೀಲವನ್ನು ಅದಕ್ಕೆ ತೊಡಿಸಲು ಹೋಗಬೇಡಿ. ಬಾಯಿ ಮೇಲ್ಮುಖವಾಗಿರಲಿ, ಯಂತ್ರದ ಪಾದ ಬಾಯಿಯ ಒಳಗಡೆ ಇರಲಿ, ಪಟ್ಟಿ ಮೇಲೆ ಕಾಣುವಂತೆ ಸುತ್ತ ಸುತ್ತ ಅರ್ಧ ಇಂಚಿನಲ್ಲಿ ಹೊಲಿಯುತ್ತ ಬನ್ನಿ. ಕುಣಿಕೆಯ ಮೇಲೆ ಬಂದಾಗ ಪೆಡಲ್ ಬಿಟ್ಟು ಕೈಚಕ್ರ ತಿರುಗಿಸಿ. ಅಷ್ಟು ಪದರಗಳ ಮೇಲೆ ವೇಗವಾಗಿ ಹೋದರೆ ಸೂಜಿ ಮುರಿಯುತ್ತದೆ. ಅಲ್ಲಿ ಹಿಂದೆ ಮುಂದೆ ಮೂರು ಸಲ ಹಾಯಿಸಿ.

ಪಟ್ಟಿಯನ್ನು ಮೇಲೆಳೆಯಿರಿ. ಮಾರ್ಜಿನ್ ಹೊರಬದಿಗೆ ಬಿದ್ದಿರುತ್ತದೆ, ಕುಣಿಕೆಯ ಚಾಚಿದ ತುದಿಗಳೂ ಅಲ್ಲಿರುತ್ತವೆ. ಆ ತುದಿಗಳನ್ನು ಕೆಳಕ್ಕೆ ಮಡಿಸಿ, ಹೊರಬಟ್ಟೆಯ ಹಿಂಬದಿಯ ಹೊಲಿಗೆಯ ಮೇಲೆ ಒತ್ತಿ ಇಟ್ಟು, ಜೋಡಿ ನೂಲಿನಲ್ಲಿ ಕೈಯಿಂದ ಬ್ಯಾಕ್ ಸ್ಟಿಚ್ ಹಾಕಿ ಸುತ್ತಲೂ ಬಿಗಿ ಮಾಡಿ. ಕುಣಿಕೆ ಕಿತ್ತುಬರುವುದು ಸಾಮಾನ್ಯವಾಗಿ ಅದನ್ನು ತೆಳು ಲೈನಿಂಗ್‌ಗೋ ಪಟ್ಟಿಗೋ ಮಾತ್ರ ಕೂಡಿಸಿದಾಗ. ಭಾರವೆಲ್ಲ ಹೊರಬಟ್ಟೆಯಲ್ಲಿದೆ, ಕುಣಿಕೆ ಅದನ್ನೇ ಹಿಡಿದಿರಬೇಕು. ಈಗ ಪಟ್ಟಿಯನ್ನು ಹೊರಕ್ಕೆ ಮಗುಚಿದರೆ ಈ ಹೊಲಿಗೆಗಳೆಲ್ಲ ಅದರ ಕೆಳಗೆ ಮುಚ್ಚಿಹೋಗುತ್ತವೆ.

ಚಿಮಣಿಯಿಲ್ಲದ ನಮ್ಮ ಮನೆಗಳಲ್ಲಿ ಕಿಟಕಿಯ ಸರಳು, ಮಂಚದ ಕಂಬ, ಬಾಗಿಲ ಚೌಕಟ್ಟಿನ ಮೊಳೆ ಇವೇ ಕಾಲುಚೀಲದ ಜಾಗ. ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಪಕ್ಕ ತೂಗುಹಾಕುವ ಆಸೆಯಾದರೆ ಅಲ್ಲಿ ಮೇಣದಬತ್ತಿ ಹಚ್ಚಬೇಡಿ. ಮೂರನ್ನೂ ಸಾಲಾಗಿ ಹಾಕುವುದಾದರೆ ಪಾದಗಳೆಲ್ಲ ಒಂದೇ ದಿಕ್ಕಿಗೆ ತಿರುಗಿರುವಂತೆ ಹೆಸರು ಯಾವ ಬದಿಗೆ ಬರಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಮೂರೂ ಕಾಲುಚೀಲಗಳ ಬಟ್ಟೆ ಒಟ್ಟಿಗೆ ತೊಳೆದು ಒಣಗಿಸಿ, ಆದರೆ ಕತ್ತರಿಸುವುದು ಮೊದಲು ಒಂದನ್ನು ಮಾತ್ರ. ಅದನ್ನು ಪೂರ್ತಿ ಮುಗಿಸಿ, ಒಂದು ಕೆ.ಜಿ. ಸಕ್ಕರೆಯ ಪೊಟ್ಟಣ ಒಳಗಿಟ್ಟು ರಾತ್ರಿಯಿಡೀ ಮೊಳೆಗೆ ತೂಗುಹಾಕಿ. ಬೆಳಿಗ್ಗೆ ಕುಣಿಕೆಯ ಬುಡ, ಹರಡಿನ ಬಾಗು, ಬಾಯಿಯ ಸುತ್ತು ಮೂರನ್ನೂ ಬೆಳಕಿನಲ್ಲಿ ನೋಡಿ. ನೂಲು ಎಲ್ಲಾದರೂ ಜಗ್ಗಿದ್ದರೆ ಅಲ್ಲಿ ಇನ್ನೊಂದು ಸಾಲು ಸೇರಿಸಿಕೊಂಡು, ಉಳಿದ ಎರಡಕ್ಕೆ ಕತ್ತರಿ ಹಾಕಿ.